ಕಂಪ್ಯೂಟರ್ ಭಾಷೆಗೆ ಕೇಳಿದ ಹೂವು

ಇವತ್ತು ಬೆಳಿಗ್ಗೆ ಟೈಪಿಂಗ್ ಶಾಲೆಯಲ್ಲಿ ಹಳೆಯ ನೋಟ್‌ಬುಕ್ ಬಿಡಿಸಿದಾಗ ಒಣಗಿದ ಕಣಗಿಲೆ ಹೂವೊಂದು ಮೇಜಿನ ಮೇಲೆ ಬಿತ್ತು. ನೀವು ಬೇರೇನೂ ಊಹಿಸಬೇಡಿ. ಅದು ಪ್ರೇಮದ ಹೂವಲ್ಲ, ಆಡಳಿತಾತ್ಮಕ ಹೂವು.

ಎರಡು ವರ್ಷದ ಹಿಂದೆ ಮಂಡ್ಯದ ಇದೇ ಶಾಲೆಯಲ್ಲಿ ನಾನೂ ಪುಟ್ಟತಾಯಮ್ಮನವರೂ ಪಾಠ ಹೇಳುತ್ತಿದ್ದೆವು. ಕಲಿಯುವವರು ನಾಲ್ವರು. ಮಾಲೀಕರು ಬಂದು, ಕೂರದೆ ನಿಂತೇ ಹೇಳಿದರು: "ಒಂದ್ ತಿಂಗ್ಳು ಟೈಮು. ವೆಬ್‌ಸೈಟ್ ಮಾಡದು ಕಲ್ತು ಒಂದ್ ಪುಟ ತೋರ್ಸಿ, ಅದ್ನೇ ಕ್ಲಾಸ್ ಸುರು ಮಾಡನ. ಇಲ್ದಿದ್ರೆ ಜಾಗ ಮೊಬೈಲ್ ಅಂಗ್ಡಿಯೋರ್ಗೆ." ಐವತ್ತು ದಾಟಿದ ನಮ್ಮಿಬ್ಬರನ್ನು ಕರೆದು ಕೆಲಸ ಕೊಡುವ ಪುಣ್ಯಾತ್ಮರು ಊರಲ್ಲಿ ಯಾರೂ ಇರಲಿಲ್ಲ.

ಆದರೆ ಯಾವ ಭಾಷೆ ಕಲಿಯುವುದು? ಪೈಥಾನೋ, ಪಿಎಚ್‌ಪಿಯೋ, ಜಾವಾಸ್ಕ್ರಿಪ್ಟೋ? ತಾಯಿನುಡಿಯನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ, ಅದೊಂದು ಅನುಕೂಲ. ವಿಡಿಯೊಗಳಲ್ಲಿ ಒಬ್ಬ ಹೊಗಳಿದ ಭಾಷೆಯನ್ನು ಇನ್ನೊಬ್ಬ ಆಗಲೇ ಸತ್ತಿದೆ ಎನ್ನುತ್ತಿದ್ದ. ಹತ್ತು ದಿನ ಹೀಗೇ ಹೋದವು. ಕೊನೆಗೆ ನಮ್ಮ ಕಡೆಯವರು ಹೆಣ್ಣು ಗೊತ್ತು ಮಾಡುವಾಗ, ಬೋರು ಕೊರೆಸುವಾಗ ಮಾಡುವುದನ್ನೇ ಮಾಡಿದೆ: ಹೊಳಲಿನ ಮಾರಮ್ಮನ ಗುಡಿಯಲ್ಲಿ ಹೂ ಕೇಳಿದೆ. ದೇವಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ನಿರಾಕರಣೆ.

"ಏನಂತ ಕೇಳ್ಲಿ ಸಾ?" ಎಂದರು ಪೂಜಾರಿ.

"ಜಾವಾಸ್ಕ್ರಿಪ್ಟ್ ಆಗುತ್ತಾ ಅಂತ."

"ಅದೆಲ್ಲ ನನ್ ಬಾಯಲ್ ತಿರ್ಗಕಿಲ್ಲ. ಕೆಲ್ಸದ ಇಚಾರ ಅಂತೀನಿ ಬುಡಿ."

ಹೂ ಅಲ್ಲಾಡಲಿಲ್ಲ. ಕಾದು ನಿಂತೆ. ಕೊಂಚ ಜಾರಿತು, ನಿಂತಿತು, ಆಮೇಲೆ ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನೆಟ್ಟಗೆ ಪಾದಕ್ಕೆ ಬಿತ್ತು.

"ಅಮ್ಮ ನಿಮ್ಗೇ ಬುಟ್ಟವ್ಳೆ ಸಾ."

ಇದನ್ನು ಹೆಚ್ಚಿನ ಅಧ್ಯಯನಕ್ಕೆ ಆದೇಶವೆಂದು ಅರ್ಥೈಸಿ, ಹೂವನ್ನು ನೋಟ್‌ಬುಕ್ಕಿನೊಳಗಿಟ್ಟು ಮತ್ತೆ ವಿಡಿಯೊಗಳಿಗೆ ಕುಳಿತೆ. ಪುಟ್ಟತಾಯಮ್ಮ ಕೇಳಿ ನಕ್ಕರು. "ಅಲ್ಲ ಮೇಷ್ಟ್ರೇ, ಅಮ್ಮ ನಿಮ್ಗೆ ಬುಟ್ರೆ ನೀವ್ ಇನ್ಯಾರ್ಗೆ ಬುಡ್ತೀರಿ? ನಾನು ಮೊದ್ಲು ಕಣ್ಗೆ ಬಿದ್ದಿದ್ನೇ ಇಡ್ಕಂಡಿವ್ನಿ. ಅದೂ ಜಾವಾಸ್ಕ್ರಿಪ್ಟೇ ಅಂತೆ."

ಗಡುವಿನ ದಿನ ಮಾಲೀಕರು ಬಂದಾಗ ನನ್ನ ಬಳಿ ಮೂರು ಭಾಷೆಗಳ ಗುಣದೋಷಗಳ ನಲವತ್ತು ಪುಟವಿತ್ತು, ಪುಟ್ಟತಾಯಮ್ಮನವರ ಬಳಿ ಪರದೆಯ ಮೇಲೆ ಒಂದು ಪುಟ. ಅದೂ ಬೆಳ್ಳಗೆ, ಖಾಲಿ. ಮಾಲೀಕರು ಗಡಿಯಾರ ನೋಡಿದರು. ಆಕೆ ಮಾತ್ರ ತಾವು ಬರೆದ ಕೋಡ್ ತೆರೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೆಳಗಿಳಿದು, ಒಂದು ಕಡೆ ನಿಂತು, ಬಿಟ್ಟುಹೋಗಿದ್ದ ಆವರಣ ಚಿಹ್ನೆ ಹಾಕಿದರು. ಪರದೆಯಲ್ಲಿ 'ಮಂಡ್ಯ' ಎಂಬ ಪದ ಮೂಡಿತು, ಕೆಳಗೆ ಟೈಪಿಸಲು ಜಾಗ.

"ಒತ್ತಿ ಸಾ."

ಮಾಲೀಕರು ಒತ್ತಿದರು. ತಪ್ಪು, ಅಕ್ಷರ ಕೆಂಪಾಯಿತು. ಮತ್ತೆ ಒತ್ತಿದರು, ಹಸಿರಾಯಿತು. ಮೂರನೇ ಸಲಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ಮೊಬೈಲ್‌ನೋರ್ಗೆ ಬ್ಯಾಡ ಅಂದ್ಬುಡ್ತೀನಿ," ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಈಗ ಪುಟ್ಟತಾಯಮ್ಮ ಗುರುಗಳು, ನನ್ನದು ಮುಂದಿನ ಬೆಂಚು. ಹೇಳಲು ನಾಚಿಕೆ: ಇವತ್ತು ನೋಟ್‌ಬುಕ್ ಬಿಡಿಸಿದ್ದು, 'ಈ ವರ್ಷ ಯಾವ ಭಾಷೆ ಒಳ್ಳೆಯದು' ಎಂಬ ವಿಡಿಯೊಗೆ ಟಿಪ್ಪಣಿ ಮಾಡಿಕೊಳ್ಳಲು. ಹೂ ನೋಡಿ ವಿಡಿಯೊ ನಿಲ್ಲಿಸಿದೆ. ತಿಂಗಳುಗಟ್ಟಲೆ ಅರ್ಧಕ್ಕೇ ನಿಂತಿದ್ದ ನನ್ನ ಪುಟ ತೆರೆದು ಒಂದು ಸಾಲು ಬರೆದೆ. ಪರದೆ ಬೆಳ್ಳಗಾಯಿತು.

"ಪುಟ್ಟತಾಯಮ್ಮನೋರೇ, ಇದು..."

"ಕೇಳ್ಬ್ಯಾಡಿ ಮೇಷ್ಟ್ರೇ, ನೋಡಿ."

ಮೊದಲನೇ ಸಾಲಿನ ಮೇಲೆ ಬೆರಳಿಟ್ಟೆ.