ಬುಶ್‌ದಾಗ್ಸ್, ಆಮೇಲೆ ಕಾಕೆ

ಪರದೇಶದ ಅಲೆನ್ ಎಂಬ ಊರಿನಲ್ಲಿರುವ ಮಗನ ಮನೆಯಲ್ಲಿ, ಮುಂದಿಟ್ಟ ಚಹಾ ಆರಿಹೋಗುವವರೆಗೂ ದಾಕ್ಷಾಯಣಿ ಒಂದೇ ಪದವನ್ನು ತಿದ್ದಿಕೊಳ್ಳುತ್ತಿದ್ದರು: ಬುಶ್‌ದಾಗ್ಸ್‌ಕಾಕೆ. ನಾರ್ವೆಯವರು ಹುಟ್ಟುಹಬ್ಬದ ಕೇಕಿಗೆ ಹೇಳುವ ಮಾತು. ಓಸ್ಲೋದಲ್ಲಿರುವ ಮೊಮ್ಮಗಳು ಈಡಾಗೆ ಇವತ್ತು ಏಳು ತುಂಬಿತು. ತಾಯಿಯಿಲ್ಲದ ಮೊದಲ ಹುಟ್ಟುಹಬ್ಬ.

ಮಗಳು ಅಪೇಕ್ಷಾ ಇದ್ದಾಗ ಈ ಭಾಷೆಯ ಗೊಡವೆಯೇ ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಈಡಾಳ ಪಕ್ಕದ ಕುರ್ಚಿಯಲ್ಲಿ ಕೂತು, ಅಜ್ಜಿಯ ಮಾತನ್ನು ಮಗುವಿಗೂ ಮಗುವಿನ ಮಾತನ್ನು ಅಜ್ಜಿಗೂ ಅವಳೇ ದಾಟಿಸುತ್ತಿದ್ದಳು. ಚಳಿಗಾಲದಲ್ಲಿ ಅವಳು ಕಾಯಿಲೆಯಿಂದ ತೀರಿಕೊಂಡ ಮೇಲೆ ಈಡಾ ಫೋನಿಗೆ ಬಂದರೂ ಸುಮ್ಮನೆ ಕೈಬೀಸಿ ಎದ್ದುಹೋಗುತ್ತಿದ್ದಳು. ಹೀಗೇ ಬಿಟ್ಟರೆ ತಾನು ಅವಳಿಗೆ ಯಾರೋ ಮುದುಕಿಯಾಗಿಬಿಡುತ್ತೇನೆ ಎಂದು ದಾಕ್ಷಾಯಣಿಗೆ ಭಯ.

ಮಗನ ಊರಿನ ಲೈಬ್ರರಿಯಲ್ಲಿ ಬೆರಿಟ್ ಎಂಬ ನಾರ್ವೆಯ ಹಿರಿಯಾಕೆ ಪಾಠ ಹೇಳಿಕೊಡಲು ಒಪ್ಪಿದ್ದರು. ಉದ್ದ ಪದಗಳನ್ನು ಎಲ್ಲಿ ಒಡೆಯಬೇಕೆಂಬುದೇ ಕಷ್ಟ. ಧಾರವಾಡದ ಶಾಲೆಯಲ್ಲಿ ಮಕ್ಕಳಿಗೆ ಒತ್ತಕ್ಷರ ಕಲಿಸಿದ ನಾಲಿಗೆ ಅದು. ನಡುವಿನ ಸಕಾರವನ್ನು ಮುಂದಕ್ಕೆ ಅಂಟಿಸಿ ‘ಸ್ಕಾಕೆ’ ಎನ್ನುತ್ತಿತ್ತು. ಬೆರಿಟ್ ಮೇಜಿನ ಮೇಲೆ ಎರಡು ಅಂಗೈ ಇಟ್ಟು ತೋರಿಸಿದರು. ಸಕಾರ ಹುಟ್ಟುಹಬ್ಬಕ್ಕೆ ಸೇರಿದ್ದು, ಕೇಕಿಗಲ್ಲ. ಮೊದಲ ಭಾಗವನ್ನು ಒತ್ತಿ ಹೇಳಿ, ಕಾಕೆಯನ್ನು ಹೊಸದಾಗಿ ಶುರುಮಾಡಬೇಕು.

“ಅವ್ವಾ, ಈ ಕೇಕ್ ತಿನ್ನೂದು ಸಲೀಸು, ಹೇಳೂದs ತ್ರಾಸು ನೋಡು,” ಎಂದ ಮಗ ಸುಹಾಸ್.

“ಐದು ವರ್ಷದಾಂವ ಆದ್ರೂ ಸ್ನಾನಕ್ಕ ತಾನ ಅಂತಿದ್ದಿ ನೀ. ಸುಮ್ನ ಫೋನ್ ಹಚ್ಚು.”

ಪರದೆಯ ಮೇಲೆ ಈಡಾ ಬಂದಳು. ದಾಕ್ಷಾಯಣಿ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ ಹೇಳಿದರು. ಸರಿಯಾಗಿ ಬಂತು.

ಹುಡುಗಿಯ ಮುಖ ಅರಳಿತು. ಅಜ್ಜಿಗೆ ಈಗ ಎಲ್ಲ ತಿಳಿಯುತ್ತದೆ ಎಂದುಕೊಂಡು ಪಟಪಟನೆ ಏನೇನೋ ಹೇಳಿದಳು. ದಾಕ್ಷಾಯಣಿಗೆ ಒಂದು ಪದವೂ ಹತ್ತಲಿಲ್ಲ. ಹೇಳಿ ಮುಗಿಸಿ ಈಡಾ ಹಳೆಯ ರೂಢಿಯಂತೆ ಪಕ್ಕಕ್ಕೆ ತಿರುಗಿದಳು. ಅಜ್ಜಿಯ ಕಣ್ಣೂ ಅಲ್ಲಿಗೇ ಹೋಗಿತ್ತು. ಅಲ್ಲಿ ಬರಿಯ ಕುರ್ಚಿ ಇತ್ತು.

“ಭಾವನ್ನ ಕರೀಲೇನು? ಮಗಳ ಮಾತು ಬಿಡಿಸಿ ಹೇಳ್ತಾರ,” ಎಂದ ಸುಹಾಸ್, ಮೆಲ್ಲಗೆ.

“ಬ್ಯಾಡ. ತಡಿ.”

ಈಡಾ ಮತ್ತೆ ಪರದೆಯ ಕಡೆ ತಿರುಗಿದಳು. ಆಮೇಲೆ ಕೇಕಿನ ತಟ್ಟೆಯನ್ನು ಎತ್ತಿ ಕ್ಯಾಮೆರಾಗೆ ಹಿಡಿದು, ಎಳೆಮಕ್ಕಳಿಗೆ ಕಲಿಸುವವಳಂತೆ ನಿಧಾನವಾಗಿ, “ಕಾಕೆ,” ಎಂದಳು.

“ಕಾಕೆ,” ಎಂದರು ದಾಕ್ಷಾಯಣಿ.

ಅಂದು ಹುಡುಗಿ ಎದ್ದುಹೋಗಲಿಲ್ಲ. ಕೇಕು ಮುಗಿಯುವವರೆಗೂ ಇಬ್ಬರೂ ಆ ಕುರ್ಚಿಯ ಕಡೆ ಮತ್ತೆ ನೋಡಲಿಲ್ಲ.