ನಾನು ಹತ್ತಿ ತೋಟದ ಯಜಮಾನನಾದ ವಾರ

ದುಬೈ ಮೆಟ್ರೋದ ಕಂಬಗಳು ಇನ್ನೂ ಏಳುತ್ತಿದ್ದ ಆ ದಿನಗಳಲ್ಲಿ ಕರಾಮದ ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲ ಸಂಜೆಯಾದರೆ ಕಾರಿಡಾರಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಚೆಂಡು ಲಿಫ್ಟಿನೊಳಗೆ ಹೋದರೆ ಔಟ್. ಯಾರ ಮನೆಯಲ್ಲಿ ಏನಡುಗೆ ಎಂದು ಮೂಗಿಗೇ ತಿಳಿಯುತ್ತಿತ್ತು. ನಮ್ಮ ಬಾಗಿಲಿನಿಂದ ಬರುತ್ತಿದ್ದದ್ದು ಗಿರಿಜಕ್ಕನ ಬಂಗುಡೆ ಮೀನಿನ ಸಾರಿನ ಪರಿಮಳ.

ಗಿರಿಜಕ್ಕ ಕುಂದಾಪುರದ ಕಡೆಯವರು, ನಮ್ಮ ಮನೆಗೆಲಸಕ್ಕೆಂದು ಬಂದು ಐದು ವರ್ಷವಾಗಿತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳು ಡ್ಯೂಟಿಗೆ ಹೋದರೆ ಎಂಟು ತಿಂಗಳ ತಮ್ಮ ಚಿನ್ನು ಗಿರಿಜಕ್ಕನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಗಿರಿಜಕ್ಕನ ಪಾಸ್‌ಪೋರ್ಟು ಮಾತ್ರ ಅಮ್ಮನ ಕಪಾಟಿನ ಲಾಕರಿನಲ್ಲಿ, ಬಳೆಗಳ ಜೊತೆ ಇರುತ್ತಿತ್ತು. ಕೆಲಸದವರ ಪಾಸ್‌ಪೋರ್ಟನ್ನು ಮನೆಯವರೇ ಇಟ್ಟುಕೊಳ್ಳುವುದು ನಮ್ಮ ಪರಿಚಯದವರೆಲ್ಲರ ಪದ್ಧತಿ. ಪಾಪ, ಕಳೆದುಕೊಂಡರೆ ಕಷ್ಟ ಅಲ್ಲವಾ ಎನ್ನುತ್ತಿದ್ದರು. ಅದು ತಪ್ಪೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತೆತ್ತುತ್ತಿರಲಿಲ್ಲ ಅಷ್ಟೆ.

ಅಪ್ಪನ ಕಂಪೆನಿ ಫೀಸು ಕಟ್ಟುತ್ತಿದ್ದುದರಿಂದ ನನ್ನದು ಅಮೆರಿಕನ್ ಸಿಲಬಸ್ಸಿನ ಶಾಲೆ. ಆ ವರ್ಷ ಅವರ ಅಂತರ್ಯುದ್ಧದ ಪಾಠವಿತ್ತು. ಗುಲಾಮರನ್ನು ಬಿಡಲಾರೆವೆಂದು ದೇಶವನ್ನೇ ಬಿಟ್ಟು ಹೊರಟ ದಕ್ಷಿಣ, ಹೋಗಗೊಡದ ಉತ್ತರ. ಟೀಚರು ತರಗತಿಯನ್ನು ಎರಡು ಭಾಗ ಮಾಡಿ ವಾದಕ್ಕೆ ನಿಲ್ಲಿಸಿದರು. ನನ್ನ ಪಾಲಿಗೆ ಬಂದದ್ದು ದಕ್ಷಿಣದ ಹತ್ತಿ ತೋಟದ ಯಜಮಾನನ ಪಾತ್ರ. ಥೂ, ಇದೆಂಥ ಪಾತ್ರ ಎಂದು ಮೊದಲು ಅತ್ತೆ. ಆಮೇಲೆ ಗೆಲ್ಲುವ ಆಸೆಗೆ ಬಿದ್ದು ಬಾಯಿಪಾಠ ಮಾಡತೊಡಗಿದೆ.

ಅಡುಗೆಮನೆಯಲ್ಲಿ ಗಿರಿಜಕ್ಕ ನೀರುದೋಸೆ ಹೊಯ್ಯುತ್ತಿದ್ದರೆ ನಾನು ಫ್ರಿಜ್ಜಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಗುಡುಗುತ್ತಿದ್ದೆ. ಅದು ಎಂತ ಅಂತ ನಮಗೂ ಹೇಳು ಎಂದರು ಅವರು. ಕನ್ನಡದಲ್ಲಿ ಹೇಳಿದೆ: ಗುಲಾಮರನ್ನು ನಾವು ಮನೆಯವರ ಹಾಗೆ ನೋಡಿಕೊಂಡಿದ್ದೇವೆ, ಹೊಟ್ಟೆ ತುಂಬ ಊಟ ಹಾಕುತ್ತೇವೆ, ಕಾಯಿಲೆ ಬಿದ್ದರೆ ಮದ್ದು ಕೊಡುತ್ತೇವೆ, ಬಿಟ್ಟುಬಿಟ್ಟರೆ ಅವರಾದರೂ ಹೋಗಿ ಏನು ಮಾಡುತ್ತಾರೆ? ಗಿರಿಜಕ್ಕ ದೋಸೆ ಮಡಚಿ ನನ್ನ ತಟ್ಟೆಗೆ ಹಾಕಿದರು.

"ಅವ್ರಿಗೂ ಮನೆ ಮಕ್ಕಳು ಅಂತ ಇರ್ಲಿಲ್ವಾ ಮಗಾ?"

ನನ್ನ ಭಾಷಣದಲ್ಲಿ ಅದಿಲ್ಲ ಎಂದೆ.

ಅದೇ ವಾರ ಊರಿನಿಂದ ಅವರ ಮಗಳ ಫೋನು ಬಂತು. ಚೊಚ್ಚಲ ಬಸುರಿ, ದಿನ ತುಂಬಿತ್ತು. ಮೊದಲ ಬಾಣಂತನ ತವರಿನದು, ತವರು ಎಂದರೆ ಆ ಹುಡುಗಿಗೆ ಗಿರಿಜಕ್ಕ ಒಬ್ಬರೇ. ಗಿರಿಜಕ್ಕನ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಊರಿಗೆ ಹೋಗಬೇಕೆಂದು ಅಮ್ಮನನ್ನು ಕೇಳಿದರು. ನೋಡುವಾ ಎಂದಳು ಅಮ್ಮ. ಮತ್ತೆ ಕೇಳಿದರು. ಮುಂದಿನ ತಿಂಗಳು ನೋಡುವಾ ಎಂದಳು. ಹೆರಿಗೆಗೆಂದು ಹಾಕಿದ್ದ ಉದ್ದದ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದವಳು, ಇನ್ನೊಮ್ಮೆ ರಜೆ ಕೇಳಿದರೆ ಕೆಲಸವೇ ಹೋಗುತ್ತದೆಂಬ ಭಯ ಅವಳಿಗೆ.

ಆ ಶುಕ್ರವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಗಿರಿಜಕ್ಕ ಚಿನ್ನುವನ್ನು ಎತ್ತಿಕೊಂಡೇ ಬಂದು ನಿಂತರು. ಬಡಿಸಲಿಲ್ಲ.

"ಅಮ್ಮ, ನನ್ನ ಪಾಸ್‌ಪೋರ್ಟ್ ಕೊಡಿ."

ಅಪ್ಪ ಕಲಸಿದ ತುತ್ತನ್ನು ಹಾಗೇ ತಟ್ಟೆಯಲ್ಲಿ ಬಿಟ್ಟರು. ಅಮ್ಮನ ಮುಖ ಕೆಂಪಾಯಿತು.

"ನಿಮ್ಮನ್ನು ಮನೆಯವ್ರ ಹಾಗೆ ನೋಡ್ಕೊಂಡಿದ್ದೇವೆ ಅಲ್ವಾ ಗಿರಿಜಕ್ಕ? ಊಟಕ್ಕೆ ಕಮ್ಮಿ ಮಾಡಿದ್ದೇವಾ? ಜ್ವರ ಬಂದಾಗ ನಾನೇ ಅಲ್ವಾ ಮದ್ದು ಕೊಟ್ಟದ್ದು? ಈಗ ನೀವು ಹೋಗಿ ಎಂತ ಮಾಡ್ತೀರಿ?"

ನಾನು ತಟ್ಟೆಯಿಂದ ತಲೆ ಎತ್ತಿದೆ. "ಅಮ್ಮ, ಅದು ನನ್ನ ಸ್ಪೀಚು. ಅದು ತೋಟದ ಯಜಮಾನ ಹೇಳುದು."

ಅಮ್ಮ ಕೈ ಎತ್ತಿದಳು. ಅಪ್ಪ ತಡೆದು, ಎಂಥ ಸ್ಪೀಚು, ಹೇಳು ಎಂದರು. ಅಳುತ್ತಲೇ ಒಪ್ಪಿಸಿದೆ. ಅಪ್ಪನಿಗೂ ಸಿಟ್ಟು ಬಂತು. ಅದಕ್ಕೂ ಇದಕ್ಕೂ ಏನು ಸಂಬಂಧ, ನಾವು ಸಂಬಳ ಕೊಡುವುದಿಲ್ಲವಾ, ಹೊಡೆಯುತ್ತೇವಾ ಎಂದು ನನ್ನ ಮೇಲೆ ರೇಗಿದರು. ಗಿರಿಜಕ್ಕ ಚಿನ್ನುವಿನ ಬಾಯಿ ಒರೆಸಿ ಅಪ್ಪನ ಕಡೆ ತಿರುಗಿದರು.

"ಸಂಬಳ ಕೊಡ್ತೀರಿ ಸಾರ್, ಇಲ್ಲ ಅಂತ ಹೇಳುದಿಲ್ಲ. ಆದ್ರೆ ನಾನು ಈಗ ಹೊರಟೆ ಅಂದ್ರೆ ಹೋಗ್ಲಿಕ್ಕೆ ಆಗ್ತದಾ?"

ಅಪ್ಪ ಎಡಗೈಯಲ್ಲೇ ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ಲಾಕರು ತೆರೆಯುವ ಸದ್ದಿಗೆ ಅಮ್ಮ, ಅವರು ಬರದಿದ್ದರೆ ಮಗುವನ್ನು ಯಾರು ನೋಡುವುದು ಎಂದು ಕೂಗಿದಳು. ಅದು ಸಿಟ್ಟಿನ ಸ್ವರವಾಗಿರಲಿಲ್ಲ, ಹೆದರಿಕೆಯದು. ಅಪ್ಪ ಹೊರಬಂದು ಪಾಸ್‌ಪೋರ್ಟನ್ನು ಗಿರಿಜಕ್ಕನ ಕೈಯಲ್ಲಿಟ್ಟು, ಸಂಜೆಯೇ ಟಿಕೆಟ್ ಮಾಡಿಸಿದರು.

ಶಾಲೆಯ ವಾದದಲ್ಲಿ ನಾನು ಅರ್ಧಕ್ಕೇ ತಡವರಿಸಿ ಕೂತೆ. ಮುಂದಿನ ಪಾಠ, ಯುದ್ಧ ಮುಗಿದ ಮೇಲೆ ದೇಶ ಕಟ್ಟಿದ್ದು. ಬಿಡುಗಡೆಯಾದವರಿಗೆ ಓಟು ಸಿಕ್ಕಿತು, ಶಾಲೆಗಳಾದವು, ಉಳಲು ನೆಲ ಮಾತ್ರ ಸಿಗಲಿಲ್ಲ; ಬಹಳ ಮಂದಿ ಹಳೆಯ ಯಜಮಾನರ ಹೊಲಕ್ಕೇ ಮರಳಬೇಕಾಯಿತು, ಕೊಟ್ಟ ಓಟನ್ನೂ ಆಮೇಲೆ ಕಿತ್ತುಕೊಂಡರು. ಪರೀಕ್ಷೆ ಹತ್ತಿರ ಬಂದಿತ್ತೆಂದು ಟೀಚರು ಅಷ್ಟನ್ನೂ ಒಂದೇ ಪೀರಿಯಡ್ಡಿನಲ್ಲಿ ಮುಗಿಸಿಬಿಟ್ಟರು.

ಮನೆಯಲ್ಲಿ ಅಮ್ಮನೂ ಕಟ್ಟಲು ಹೊರಟಿದ್ದಳು. ಸಂಬಳವಿಲ್ಲದ ರಜೆ ಹಾಕಿ ಚಿನ್ನುವಿನ ಜೊತೆ ಕೂತವಳು, ಗಿರಿಜಕ್ಕ ಬಂದ ಮೇಲೆ ಪಾಸ್‌ಪೋರ್ಟು ಅವರ ಬಳಿಯೇ ಇರಲಿ, ಶುಕ್ರವಾರ ರಜೆ ಕೊಡುವಾ, ಮನೆಯ ಕೀ ಒಂದು ಅವರಿಗೂ ಮಾಡಿಸುವಾ ಎಂದು ಅಪ್ಪನ ಹತ್ತಿರ ದಿನವೂ ಹೇಳುತ್ತಿದ್ದಳು. ಸುಮ್ಮನೆ ಹೇಳಿದ್ದಲ್ಲ, ಕೀ ಮಾಡಿಸಿಯೂ ಆಗಿತ್ತು.

ತಿಂಗಳ ಮೇಲೆ ಒಂದು ಸಂಜೆ ಫೋನು ಬಂತು. ಅಮ್ಮ ಸ್ಪೀಕರಿಗೆ ಹಾಕಿದಳು. ತಾನು ತಲುಪಿದ ಮರುದಿನವೇ ಹೆರಿಗೆಯಾಯಿತು ಎಂದರು ಗಿರಿಜಕ್ಕ. ಒಳ್ಳೇದಾಯ್ತು ಎಂದವಳೇ ಅಮ್ಮ ರಜೆ, ಕೀ, ಪಾಸ್‌ಪೋರ್ಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ನಾನು ಬರುದಿಲ್ಲ ಅಮ್ಮ. ಚಿನ್ನುಗೆ ಹಲ್ಲು ಬಂತಾ?"

ಎರಡು ಬಂದಿದೆ ಎನ್ನುವಷ್ಟರಲ್ಲಿ ಅಮ್ಮನಿಗೆ ಅಳು ಬಂದು ಮಾತು ನಿಂತಿತು. ಲೈನೂ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ವಿಷಯ ಕೇಳಿ, ಇರಲಿ, ಮಗು ಯಾವುದಂತೆ ಎಂದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮತ್ತೆ ಆ ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

ನಾನೀಗ ಅಬುಧಾಬಿಯ ಬನಿಯಾಸಿನಲ್ಲಿದ್ದೇನೆ. ಚಿನ್ನುವಿಗೆ ಮೀಸೆ ಬಂದಿದೆ, ಗಿರಿಜಕ್ಕನ ನೆನಪೇ ಅವನಿಗಿಲ್ಲ. ಕರಾಮ ಬಿಟ್ಟಾಗ ಗೆಳತಿಯರು ಹೋದರು, ಆಟ ಹೋಯಿತು. ಬೆಳೆದ ಮೇಲೆ ಅವು ಹೇಗೂ ಹೋಗುತ್ತಿದ್ದವು. ಗಿರಿಜಕ್ಕ ಹೋದದ್ದು ಹಾಗಲ್ಲ. ಐದು ವರ್ಷ ನಮ್ಮ ಮನೆಯವರೇ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡೆವು. ಅವರ ಮೊಮ್ಮಗು ಹೆಣ್ಣೋ ಗಂಡೋ ನಮಗೆ ಇವತ್ತಿಗೂ ಗೊತ್ತಿಲ್ಲ.