ಕಬ್ಬಿಣದ ಸರಳಿನ ಗೋರಿ

ಅತ್ತೆ ತೀರಿಕೊಂಡ ದಿನ ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇರಲಿಲ್ಲ. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಮಣ್ಣಿನ ವಿಜ್ಞಾನ ಓದುತ್ತಿದ್ದೆ. ಕೋರ್ಸು ನಾಲ್ಕು ತಿಂಗಳು ಮುಂದಕ್ಕೆ ಹೋದದ್ದರಿಂದ ವೀಸಾ ವಿಸ್ತರಣೆಗೆಂದು ಪಾಸ್‌ಪೋರ್ಟ್ ಕಳಿಸಿಕೊಟ್ಟಿದ್ದೆ. ನಡುವೆ ವಾಪಸ್ಸು ಕೇಳಿದರೆ ಅರ್ಜಿ ರದ್ದಾಗುತ್ತದೆ, ಓದು ಅಲ್ಲಿಗೇ ನಿಲ್ಲುತ್ತದೆ ಎಂದು ಕಚೇರಿಯ ಹೆಂಗಸು ಎರಡು ಸಲ ಬಿಡಿಸಿ ಹೇಳಿದ್ದಳು.

ಅತ್ತೆ ಅಂದರೆ ಅಪ್ಪನ ಅಕ್ಕ. ಕುಷ್ಟಗಿಗೆ ಕೊಟ್ಟಿದ್ದರು. ಎರಡೇ ವರ್ಷಕ್ಕೆ ಗಂಡ ಸತ್ತ ಮೇಲೆ ಬೇವೂರಿನ ನಮ್ಮ ಮನೆಗೆ ಬಂದು ಉಳಿದಳು. ನನ್ನನ್ನು ಎತ್ತಿ ಆಡಿಸಿದವಳು, ಅಕ್ಷರ ತಿದ್ದಿಸಿದವಳು ಅವಳೇ. ನಾನು ಧಾರವಾಡಕ್ಕೆ ಓದಲು ಹೋಗುತ್ತೇನೆಂದಾಗ ಅಪ್ಪ ಬೇಡವೆಂದ. ಅತ್ತೆ ಊಟ ಬಿಟ್ಟಳು. ಎಲ್ಲರಿಗೂ ರೊಟ್ಟಿ ಬಡಿದು ಹಾಕುತ್ತಿದ್ದಳು, ತಾನು ಮಾತ್ರ ಮುಟ್ಟುತ್ತಿರಲಿಲ್ಲ. ಮೂರನೆಯ ದಿನ ಅಪ್ಪ ಹೂಂ ಅಂದ.

ಸುದ್ದಿ ಹೇಳಲು ಬೆಳಿಗ್ಗೆ ಫೋನ್ ಮಾಡಿದವನೂ ಅಪ್ಪನೇ. ನಾನು ಅಳು ತಡೆದುಕೊಂಡು ಬಾಯಿ ತೆರೆಯುವ ಮೊದಲೇ, "ನೀ ಬರಬ್ಯಾಡವಾ" ಅಂದ. ಮರುದಿನ ಹೊಲದಲ್ಲಿ ಮಣ್ಣು ಮಾಡುವಾಗ ಅಣ್ಣ ವಿಡಿಯೋ ಕರೆ ಹಚ್ಚಿದ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಅತ್ತೆಯ ಹಣೆಗೆ ವಿಭೂತಿ ಬಳಿದಿದ್ದರು. ನಾಲ್ಕು ಜನ ಅವಳನ್ನು ಕುಣಿಯೊಳಗೆ ಇಳಿಸುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಅರ್ಧ ಇಳಿದ ಅತ್ತೆ ಪರದೆಯ ಮೇಲೆ ಹಾಗೇ ನಿಂತುಬಿಟ್ಟಳು. ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಕರೆ ಸೇರಲಿಲ್ಲ.

ಆ ವಾರವೆಲ್ಲ ನಾನು ಕೋಣೆಯಲ್ಲೇ ಇದ್ದೆ. ಮೂರನೇ ಮಹಡಿಯ ಕೋಣೆ, ಕಿಟಕಿ ನಾಲ್ಕು ಬೆರಳಿನಷ್ಟು ತೆರೆದು ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚು ತೆರೆಯದಂತೆ ತಿರುಪು ಹಾಕಿದ್ದರು. ಉಸಿರು ಕಟ್ಟಿದಂತಾದಾಗ ಆ ಸಂದಿಗೆ ಮೂಗು ಒಡ್ಡಿ ಕೂರುತ್ತಿದ್ದೆ. ಶನಿವಾರ ಹಾಸ್ಟೆಲಿನವರು ಹೊರದೇಶದ ವಿದ್ಯಾರ್ಥಿಗಳನ್ನು ಊರಿನ ಹಳೆಯ ಸ್ಮಶಾನ ತೋರಿಸಲು ಕರೆದೊಯ್ಯುವುದಿತ್ತು. ನಾನು ಯಾವಾಗಲೋ ಹೆಸರು ಕೊಟ್ಟಿದ್ದೆ. ಸ್ಮಶಾನಕ್ಕೆ ಹೋಗುವ ಮನಸ್ಸಿರಲಿಲ್ಲ, ಆದರೆ ಇನ್ನು ಕೋಣೆಯಲ್ಲಿರಲೂ ಆಗುತ್ತಿರಲಿಲ್ಲ.

ಚರ್ಚಿನ ಹಿಂದೆ ಎತ್ತರದ ಗೋಡೆಗಳ ನಡುವೆ ಇದ್ದ ಸ್ಮಶಾನ ಅದು. ತೋರಿಸುತ್ತಿದ್ದವಳು ನಿವೃತ್ತಳಾದ ಒಬ್ಬ ನರ್ಸ್. ಕಲ್ಲುಗಳ ಮೇಲೆ ಪಾಚಿ ಹಬ್ಬಿ ಅಕ್ಷರ ಮುಚ್ಚಿಹೋಗಿದ್ದವು. ಮೂಲೆಯ ಒಂದು ಗೋರಿಯ ಮೇಲೆ ದಪ್ಪ ಕಬ್ಬಿಣದ ಸರಳುಗಳ ಪಂಜರವಿತ್ತು. ಹಿಂದೆ ಇಲ್ಲಿ ಹೊಸದಾಗಿ ಹೂತ ಹೆಣಗಳನ್ನು ಕದ್ದು, ವೈದ್ಯಕೀಯ ಕಲಿಸುವವರಿಗೆ ಮಾರುತ್ತಿದ್ದರಂತೆ. ಕಾಪಾಡಿಕೊಳ್ಳಲು ಮನೆಯವರು ಪಂಜರ ಹಾಕಿಸುತ್ತಿದ್ದರು. ಕೆಲವು ವಾರ ಕಳೆದು ದೇಹ ಯಾರಿಗೂ ಬೇಡವಾದ ಮೇಲೆ ಅದನ್ನು ತೆಗೆಯುವುದೂ ಇತ್ತು, ಇದನ್ನು ಮಾತ್ರ ಯಾರೂ ತೆಗೆಯಲಿಲ್ಲ ಎಂದಳು.

ಉಳಿದವರು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಸರಳು ಹಿಡಿದು ಒಳಗೆ ನೋಡಿದೆ. ಒಂದಿಷ್ಟು ಹುಲ್ಲು, ಒದ್ದೆ ಎಲೆ. ಕೈ ಬಿಡಬೇಕೆಂದರೂ ಬಿಡಲಾಗಲಿಲ್ಲ. ಆ ನರ್ಸ್ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆಂಚಿನ ಮೇಲೆ ಕೂರಿಸಿ, ತನ್ನ ಫ್ಲಾಸ್ಕಿನ ಚಹಾ ಕೊಟ್ಟಳು. ನಾನು ಅತ್ತೆಯ ವಿಷಯ ಹೇಳಿದೆ, ಪಾಸ್‌ಪೋರ್ಟಿನ ವಿಷಯ ಹೇಳಿದೆ. ಅವಳು ಕೇಳಿದ್ದು ಒಂದೇ: ಮನೆಯವರು ನಿನ್ನನ್ನು ಬಾ ಎಂದಿದ್ದರಾ?

ಇಲ್ಲ ಎಂದೆ. ಹೇಳಿದ ಮೇಲೆ ಅದು ನನಗೇ ವಿಚಿತ್ರವೆನಿಸಿತು. ನಮ್ಮ ಮನೆಯಲ್ಲಿ ಸಾವಾದರೆ ಮುಂಬೈಗೆ ದುಡಿಯಲು ಹೋದವರನ್ನೂ ಕರೆಸುತ್ತಾರೆ. ಪಾಸ್‌ಪೋರ್ಟ್ ಇಲ್ಲವೆಂಬುದನ್ನು ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಹಾಗಿದ್ದೂ ಅಪ್ಪ ಬರಬೇಡವೆಂದಿದ್ದ.

ಗುಂಪು ಮುಂದೆ ಹೋದ ಮೇಲೆ ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. ಅವಳು ಮೊದಲು ಮಾತು ಮರೆಸಿದಳು, ಆಮೇಲೆ ಅತ್ತಳು.

"ನಿಮ್ಮತ್ತಿಗಿ ತಾನು ಉಳಿಯೂದಿಲ್ಲಂತ ಮೂರು ತಿಂಗಳ ಹಿಂದನ ಗೊತ್ತಾಗಿತ್ತು. ಕೊಪ್ಪಳದ ದವಾಖಾನಿಗೆ ಹೋಗಿ ಬಂದ ದಿನಾನ ನಮ್ಮ ಕಡಿಂದ ಆಣಿ ಮಾಡಿಸಿಕೊಂಡ್ಲು. ಹುಡುಗಿಗೆ ಹೇಳಬ್ಯಾಡ್ರಿ, ಅಕಿ ಬಂದ್ರ ನೀವು ಹೊಳ್ಳಿ ಕಳಸೂದಿಲ್ಲ ಅಂದ್ಲು."

ಅತ್ತೆ ಹರೆಯದಲ್ಲಿ ಕೊಪ್ಪಳದಲ್ಲಿ ಆರು ತಿಂಗಳು ಶಿಕ್ಷಕರ ತರಬೇತಿಗೆ ಹೋಗಿದ್ದಳೆಂದು ನನಗೆ ಗೊತ್ತಿತ್ತು. ಓದು ಹತ್ತದೆ ಬಿಟ್ಟಳೆಂದುಕೊಂಡಿದ್ದೆ. ಹಾಗಲ್ಲವೆಂದು ಅವ್ವ ಆಗ ಹೇಳಿದಳು. ತಂದೆಗೆ ಬಹಳ ಜಡ್ಡು ಎಂದು ಹೇಳಿ ಕಳಿಸಿದಾಗ ಅತ್ತೆ ಟ್ರಂಕನ್ನು ಅಲ್ಲಿಯೇ ಬಿಟ್ಟು ಉಟ್ಟ ಸೀರೆಯಲ್ಲಿ ಬಂದಿದ್ದಳು. ಬಂದು ನೋಡಿದರೆ ತಂದೆ ಪಡಸಾಲೆಯಲ್ಲಿ ಕುಳಿತು ಊಟ ಮಾಡುತ್ತಿದ್ದ, ಪಕ್ಕದಲ್ಲಿ ಕುಷ್ಟಗಿಯ ಬೀಗರು ಕುಳಿತಿದ್ದರು. ಅವಳು ಮತ್ತೆ ಕೊಪ್ಪಳಕ್ಕೆ ಹೋಗಲಿಲ್ಲ. ಟ್ರಂಕನ್ನು ಯಾರೋ ಬಸ್ಸಿನ ಮೇಲೆ ಹಾಕಿ ಕಳಿಸಿಕೊಟ್ಟರಂತೆ.

ನನಗೂ ಗಂಗಾವತಿಯ ಅಕ್ಕಿ ಗಿರಣಿಯವರ ಮನೆತನ ನೋಡಿಟ್ಟಿದ್ದರಂತೆ. ನಾನು ಊರಿಗೆ ಬಂದ ಮರುದಿನವೇ ನಿಶ್ಚಿತಾರ್ಥದ ಶಾಸ್ತ್ರ ಮಾಡುವುದೆಂದು ಮಾತಾಗಿತ್ತಂತೆ. ಅಪ್ಪ ಅವ್ವನ ಕೈಯಿಂದ ಫೋನ್ ಇಸಿದುಕೊಂಡ. ಇದೆಲ್ಲ ಖರೆಯೇ ಎಂದು ಕೇಳಿದೆ.

"ಖರೇ ಐತಿ. ಅಕ್ಕ ಇದ್ದದ್ದನ್ನ ಹೇಳ್ಯಾಳ."

ಫೋನ್ ಇಟ್ಟುಬಿಟ್ಟೆ. ಅಪ್ಪನ ಮೇಲೆ ಬಂದ ಸಿಟ್ಟು ಅತ್ತೆಯ ಮೇಲೂ ತಿರುಗಿತು. ಮೂರು ತಿಂಗಳು ಅವಳು ಫೋನಿನಲ್ಲಿ ಉಂಡೆಯಾ, ಚಳಿ ಐತೇನು ಎಂದಷ್ಟೇ ಕೇಳಿದ್ದಳು. ನಾನೂ ಅವಸರದಲ್ಲಿ ಉತ್ತರಿಸಿ ಇಟ್ಟುಬಿಡುತ್ತಿದ್ದೆ. ಅವಳಿಗೆ ನನ್ನನ್ನು ಕಾಪಾಡುವ ಹಕ್ಕಿತ್ತು, ಕೊನೆಯ ಬಾರಿ ನೋಡುವ ಹಕ್ಕು ನನಗಿರಲಿಲ್ಲವೇ? ಚಳಿಗಾಲದ ಕತ್ತಲಾಗುತ್ತ ಬಂದಿತ್ತು. ಗೇಟು ಹಾಕುತ್ತಾರೆಂದು ಆ ನರ್ಸ್ ಬಂದು ಎಬ್ಬಿಸಿದಳು.

ಐದು ವಾರಕ್ಕೆ ಪಾಸ್‌ಪೋರ್ಟ್ ಬಂತು. ಈಗ ಹೋಗಬಹುದಿತ್ತು. ವಿಮಾನದ ದಿನಗಳನ್ನು ನೋಡುವುದು, ಲ್ಯಾಪ್‌ಟಾಪ್ ಮುಚ್ಚುವುದು, ಹೀಗೆ ಹಲವು ಸಲ ಮಾಡಿದೆ. ಊರಿಗೆ ಹೋಗಲು ಹೆದರಿಕೆ, ಹೋಗದೆ ಇರಲು ನಾಚಿಕೆ. ಕಡೆಗೆ ಓದು ಮುಗಿಸಿಯೇ ಬಂದೆ. ಸ್ಕಾಟ್ಲೆಂಡಿನಲ್ಲಿದ್ದಾಗಲೇ ಅರ್ಜಿ ಹಾಕಿ ಕೊಪ್ಪಳದ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಹಿಡಿದಿದ್ದೆ. ಅಲ್ಲಿ ಬಾಡಿಗೆ ಕೋಣೆ ಮಾಡಿ, ಬೀಗದ ಕೈಯನ್ನು ಚೀಲದಲ್ಲಿ ಹಾಕಿಕೊಂಡ ಮೇಲೆಯೇ ಬೇವೂರಿನ ಬಸ್ಸು ಹತ್ತಿದ್ದು.

ಅಪ್ಪ ಹೊಲಕ್ಕೆ ಕರೆದೊಯ್ದ. ಗಂಗಾವತಿಯ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತೆಂದು ದಾರಿಯಲ್ಲಿ ತಾನಾಗಿಯೇ ಹೇಳಿದ. ಅತ್ತೆಯನ್ನು ಕೂರಿಸಿದ ಜಾಗದ ಸುತ್ತ ಕರಿಕಲ್ಲು ಜೋಡಿಸಿದ್ದರು. ಪಕ್ಕದಲ್ಲಿ ಹೆಸರು ಬೆಳೆ ಹೂವಿಗೆ ಬಂದಿತ್ತು. ಅಪ್ಪ ಬಗ್ಗಿ ಕಸ ಕೀಳುತ್ತಿದ್ದ.

"ಅಪ್ಪಾ, ನಾ ಆವಾಗ ಬಂದಿದ್ರ ಹೊಳ್ಳಿ ಕಳಸ್ತಿದ್ದೇನು?"

ಅವನು ಕಿತ್ತ ಕಸವನ್ನು ಬದುವಿನಾಚೆ ಎಸೆದ.

"ಕಳಸ್ತಿದ್ದೆ ಅಂತ ಹೇಳಾಕ ಬಾಯಿ ಬರವಲ್ದವಾ."

ಅವತ್ತು ಸಂಜೆಯ ಬಸ್ಸಿಗೇ ಹೊರಟೆ. ಎರಡು ದಿನ ಇದ್ದು ಹೋಗೆಂದು ಅವ್ವ ಹೇಳಿದಳು. ಅಪ್ಪ ಹೇಳಲಿಲ್ಲ. ನನ್ನ ಚೀಲ ಹೊತ್ತುಕೊಂಡು ಬಸ್ ನಿಲ್ದಾಣದವರೆಗೆ ಬಂದ, ಬಸ್ಸು ಬರುವ ತನಕ ನಿಂತಿದ್ದ.